ಮಕ್ಕಳೊಂದಿಗೆ ಹಡಗು ಹತ್ತುವ ಮುನ್ನ

ಚಿಕ್ಕ ಮಕ್ಕಳಿರುವವರ ಪ್ರವಾಸದಲ್ಲಿ ಅರ್ಧ ಹೊತ್ತು ಗಂಟು ಕಟ್ಟುವುದಕ್ಕೆ, ಇನ್ನರ್ಧ ಹೊತ್ತು ಬಿಚ್ಚುವುದಕ್ಕೆ ಹೋಗುತ್ತದೆ. ಇವತ್ತು ಒಂದು ಹೋಟೆಲು, ನಾಳೆ ಇನ್ನೊಂದು. ನಡುವೆ ಆರು ಗಂಟೆಯ ಕಾರು ಪಯಣ. ಹಾಲು ಬಿಸಿ ಮಾಡಿಕೊಡುವವರು ಯಾರು ಎಂಬ ಹುಡುಕಾಟ ಬೇರೆ. ಕ್ರೂಸ್ ಪ್ರವಾಸದ ನಿಜವಾದ ಅನುಕೂಲ ಇಲ್ಲಿದೆ. ಮೊದಲ ದಿನ ಬಿಚ್ಚಿದ ಗಂಟನ್ನು ಇಳಿಯುವ ತನಕ ಮತ್ತೆ ಕಟ್ಟಬೇಕಿಲ್ಲ. ಮಲಗುವ ಕೋಣೆ, ಊಟದ ಮನೆ, ಆಟದ ಜಾಗ, ಡಾಕ್ಟರು ಎಲ್ಲವೂ ಲಿಫ್ಟಿನಲ್ಲಿ ನಾಲ್ಕು ಮಹಡಿ ಹತ್ತಿಳಿಯುವಷ್ಟು ದೂರದಲ್ಲಿರುತ್ತವೆ.

ಆದರೆ ಏಜೆಂಟರ ಕರಪತ್ರಗಳು ಮಾರುವುದು ಈ ಅನುಕೂಲವನ್ನಲ್ಲ, ಊರುಗಳನ್ನು. ನಾಲ್ಕು ರಾತ್ರಿಯಲ್ಲಿ ಮೂರು ಬಂದರು, ಎರಡು ದೇಶ ಎಂಬ ಲೆಕ್ಕ. ಐದಾರು ವರ್ಷದೊಳಗಿನ ಮಕ್ಕಳಿರುವವರು ಆ ಲೆಕ್ಕವನ್ನು ಬದಿಗಿಡುವುದು ಒಳ್ಳೆಯದು. ಮೂರು ವರ್ಷದ ಮಗುವಿಗೆ ಪೆನಾಂಗೂ ಒಂದೇ, ಫುಕೆಟ್ಟೂ ಒಂದೇ. ಅದಕ್ಕೆ ಬೇಕಾದದ್ದು ಓಡಲು ಜಾಗ, ನೀರು, ಐಸ್‌ಕ್ರೀಮು, ಮಧ್ಯಾಹ್ನದ ನಿದ್ದೆ. ಇವೆಲ್ಲ ಇರುವುದು ಹಡಗಿನಲ್ಲಿ. ಹಾಗಾಗಿ ಬಂದರುಗಳನ್ನು ನೋಡಿ ಹಡಗು ಆರಿಸುವುದಲ್ಲ, ಹಡಗನ್ನು ನೋಡಿ ಪ್ರವಾಸ ಆರಿಸಬೇಕು. ಮೊದಲ ಸಲಕ್ಕೆ ಎರಡರಿಂದ ನಾಲ್ಕು ರಾತ್ರಿ ಧಾರಾಳವಾಯಿತು.

ಎಲ್ಲಿಂದ, ಯಾವಾಗ

ಕರ್ನಾಟಕದವರಿಗೆ ಸಮುದ್ರವಿದ್ದರೂ ಹಡಗು ಹತ್ತಲು ಪರವೂರಿಗೇ ಹೋಗಬೇಕು. ಪಣಂಬೂರಿನ ನವ ಮಂಗಳೂರು ಬಂದರಿಗೆ ಪ್ರತಿ ವರ್ಷ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಅವುಗಳಲ್ಲಿ ಬಂದವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕದ್ರಿ, ಕುದ್ರೋಳಿ ನೋಡಿಕೊಂಡು ಸಂಜೆಗೆ ಹಿಂದಿರುಗುತ್ತಾರೆ. ಅದು ಅವರು ಇಳಿಯುವ ಬಂದರು, ನಾವು ಹತ್ತುವ ಬಂದರಲ್ಲ.

ನಮಗೆ ಸುಲಭದ ದಾರಿಗಳು ಎರಡು. ಒಂದು, ಭಾರತದಿಂದಲೇ ಹೊರಡುವ ಕಾರ್ಡೇಲಿಯಾ ಕ್ರೂಸಸ್‌ನ 'ಎಂಪ್ರೆಸ್' ಹಡಗು. 2021ರ ಸೆಪ್ಟೆಂಬರಿನಲ್ಲಿ ಮುಂಬೈನಿಂದ ಯಾನ ಶುರುಮಾಡಿದ ಇದು ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಹೋಗುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರ ಕೆರಳುವುದರಿಂದ ಚೆನ್ನೈಗೆ ನೆಲೆ ಬದಲಿಸಿ ವಿಶಾಖಪಟ್ಟಣ, ಶ್ರೀಲಂಕಾಗಳ ದಿಕ್ಕು ಹಿಡಿದದ್ದೂ ಇದೆ. ಹಡಗು ಹೊಸದೇನಲ್ಲ. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೈರ್‌ನಲ್ಲಿ 'ನಾರ್ಡಿಕ್ ಎಂಪ್ರೆಸ್' ಎಂಬ ಹೆಸರಿನಲ್ಲಿ ಕಟ್ಟಿದ್ದು. ಮೂರು ನಾಲ್ಕು ರಾತ್ರಿಯ ಚುಟುಕು ಯಾನಗಳಿಗೆಂದೇ ವಿನ್ಯಾಸಗೊಂಡದ್ದು. ಹೀಗಾಗಿ ಕೋಣೆಗಳು ಚಿಕ್ಕವು. ಮಹಡಿಗಳೆತ್ತರದ ನೀರಿನ ಜಾರುಬಂಡೆಗಳನ್ನು ಯೂಟ್ಯೂಬಿನಲ್ಲಿ ತೋರಿಸಿ ಮಕ್ಕಳಿಗೆ ಆಸೆ ಹುಟ್ಟಿಸಿ ಇಲ್ಲಿಗೆ ಕರೆತಂದರೆ ಮೊದಲ ಸಂಜೆಯೇ ರಂಪವಾದೀತು. ಇದರ ಬಲ ಬೇರೆಯದು. ದೇಶದೊಳಗಿನ ಯಾನಕ್ಕೆ ಪಾಸ್‌ಪೋರ್ಟು, ವೀಸಾ ಬೇಡ. ಊಟ ನಮ್ಮ ನಾಲಿಗೆಗೆ ಹತ್ತಿರದ್ದು, ಸಸ್ಯಾಹಾರ ಮತ್ತು ಜೈನ ಅಡುಗೆಯೂ ಸಿಗುತ್ತದೆ. ಮಗುವಿಗೆ ಹಡಗು ಒಗ್ಗುತ್ತದೆಯೇ ಎಂದು ನೋಡಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಇನ್ನೊಂದು ದಾರಿ ಸಿಂಗಪುರ. ಬೆಂಗಳೂರಿನಿಂದ ನೇರ ವಿಮಾನ ನಾಲ್ಕೂವರೆ ಗಂಟೆಯ ಆಸುಪಾಸು. ಅಲ್ಲಿಂದ ರಾಯಲ್ ಕೆರಿಬಿಯನ್, ರೆಸಾರ್ಟ್ಸ್ ವರ್ಲ್ಡ್ ಕಂಪನಿಗಳ ದೊಡ್ಡ ಹಡಗುಗಳು ಹೊರಡುತ್ತವೆ. ಸಿಂಗಪುರವನ್ನೇ ನೆಲೆ ಮಾಡಿಕೊಂಡ 'ಡಿಸ್ನಿ ಅಡ್ವೆಂಚರ್' ಹಡಗಿನ ಯೋಜನೆಯಂತೂ ಈ ಲೇಖನದ ವಾದಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಮೂರು, ನಾಲ್ಕು ರಾತ್ರಿಯ ಯಾನಗಳಲ್ಲಿ ನಡುವೆ ಯಾವ ಊರೂ ಇಲ್ಲ, ಹಡಗೇ ಗುರಿ.

ಕಾಲ ನೋಡಿಕೊಳ್ಳುವುದು ಮುಖ್ಯ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ದೋಣಿಯೇ ನಿಲ್ಲುತ್ತದೆ. ಪಶ್ಚಿಮ ಕರಾವಳಿಯ ಯಾನಕ್ಕೆ ದಸರಾ ರಜೆಯ ನಂತರದಿಂದ ಮಾರ್ಚ್ ತನಕದ ಅವಧಿ ಹಿತ. ಸಿಂಗಪುರದಲ್ಲಿ ಲೆಕ್ಕ ಬೇರೆ. ಡಿಸೆಂಬರ್, ಜನವರಿಯಲ್ಲಿ ಈಶಾನ್ಯ ಮಾರುತದಿಂದ ದಕ್ಷಿಣ ಚೀನಾ ಸಮುದ್ರದಲ್ಲಿ ಅಲೆ ಹೆಚ್ಚು. ಹಾಗಾಗಿ ಕ್ರಿಸ್‌ಮಸ್ ರಜೆಯಲ್ಲಿ ವಿಯೆಟ್ನಾಂ ಕಡೆಗೆ ಹೋಗುವ ಹಡಗಿಗಿಂತ ಮಲಕ್ಕಾ ಜಲಸಂಧಿಯೊಳಗೆ ಪೆನಾಂಗ್ ಕಡೆಗೆ ಹೋಗುವುದು ಮಕ್ಕಳ ಹೊಟ್ಟೆಗೆ ಕ್ಷೇಮ. ಎರಡೂ ಕಡೆ ಭೂಮಿ ಇರುವ ಆ ಜಲಸಂಧಿ ಬಹುಮಟ್ಟಿಗೆ ಶಾಂತ.

ಮಗುವಿನ ವಯಸ್ಸು

ಹೆಚ್ಚಿನ ಅಂತಾರಾಷ್ಟ್ರೀಯ ಹಡಗುಗಳು ಆರು ತಿಂಗಳು ತುಂಬದ ಕೂಸನ್ನು ಹತ್ತಿಸಿಕೊಳ್ಳುವುದಿಲ್ಲ. ಸತತ ಹಲವು ದಿನ ಬಂದರು ಮುಟ್ಟದ ದೀರ್ಘ ಯಾನವಾದರೆ ಒಂದು ವರ್ಷ ತುಂಬಿರಬೇಕು. ಎರಡನೆಯ ಮಗುವಿನ ನಿರೀಕ್ಷೆಯಲ್ಲಿರುವ ತಾಯಂದಿರು ಗಮನಿಸಬೇಕಾದ ನಿಯಮವೂ ಇದೆ: ಪ್ರವಾಸ ಮುಗಿಯುವ ಹೊತ್ತಿಗೆ ಗರ್ಭಕ್ಕೆ 24 ವಾರ ತುಂಬುವಂತಿದ್ದರೆ ಹಡಗು ಹತ್ತಲು ಬಿಡುವುದಿಲ್ಲ.

ನಿಯಮ ಬಿಡುತ್ತದೆ ಎಂದ ಮಾತ್ರಕ್ಕೆ ಹೊರಡಬೇಕೆಂದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಅಂಬೆಗಾಲಿನಿಂದ ಎರಡೂವರೆ ವರ್ಷದ ತನಕದ ಕಾಲ ಕ್ರೂಸ್‌ಗೆ ಅತ್ಯಂತ ಕೆಟ್ಟದ್ದು. ಆರೇಳು ತಿಂಗಳ ಕೂಸು ಹೊತ್ತಲ್ಲಿ ಮಲಗುತ್ತದೆ, ಮಲಗಿದಲ್ಲೇ ಇರುತ್ತದೆ. ಒಂದೂವರೆ ವರ್ಷದ್ದು ಹಾಗಲ್ಲ. ಎಲ್ಲವನ್ನೂ ಹತ್ತುತ್ತದೆ, ಎಲ್ಲವನ್ನೂ ಬಾಯಿಗಿಡುತ್ತದೆ. ಅದಕ್ಕಾಗಿ ಹಡಗಿನಲ್ಲಿರುವ ವ್ಯವಸ್ಥೆಯೂ ಕಡಿಮೆ. ಮಕ್ಕಳ ಕ್ಲಬ್ಬಿಗೆ ಸಾಮಾನ್ಯವಾಗಿ ಮೂರು ವರ್ಷ ತುಂಬಿರಬೇಕು, ಅಷ್ಟೇ ಅಲ್ಲ, ಡೈಪರ್ ಬಿಟ್ಟಿರಬೇಕು. ಅಲ್ಲಿನ ಸಿಬ್ಬಂದಿ ಡೈಪರ್ ಬದಲಿಸುವುದಿಲ್ಲ. ಮೂರರೊಳಗಿನವರನ್ನು ನೋಡಿಕೊಳ್ಳುವ ಶಿಶುವಿಹಾರ ಕೆಲವು ಹಡಗುಗಳಲ್ಲಿ ಮಾತ್ರ ಉಂಟು. ಅದಕ್ಕೆ ಗಂಟೆಯ ಲೆಕ್ಕದಲ್ಲಿ ದುಡ್ಡು ಬೇರೆ.

ಈಜುಕೊಳದ್ದೂ ಅದೇ ಕತೆ. ಡೈಪರ್ ಹಾಕುವ ಮಕ್ಕಳನ್ನು ಹಡಗಿನ ದೊಡ್ಡ ಕೊಳಕ್ಕೆ ಇಳಿಸುವಂತಿಲ್ಲ. ಈಜಿಗೆಂದೇ ಮಾರುವ ಡೈಪರ್ ಹಾಕಿದ್ದರೂ ಇಲ್ಲ. ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯ ನಿಯಮಗಳನ್ನು ದೊಡ್ಡ ಕಂಪನಿಗಳು ಎಲ್ಲೆಡೆ ಪಾಲಿಸುವುದರಿಂದ ಇಲ್ಲಿ ವಿನಾಯಿತಿ ಕೇಳಿ ಉಪಯೋಗವಿಲ್ಲ. ಕೆಲವು ಹಡಗುಗಳಲ್ಲಿ ಪುಟ್ಟವರಿಗಾಗಿ ಚಿಮ್ಮುವ ನೀರಿನ ಪ್ರತ್ಯೇಕ ಜಾಗವಿರುತ್ತದೆ. ನಿಮ್ಮ ಹಡಗಿನಲ್ಲಿ ಇದೆಯೇ ಎಂದು ಬುಕ್ ಮಾಡುವ ಮೊದಲೇ ಕೇಳಿ. ಬಿಸಿಲಲ್ಲಿ ಅಣ್ಣ ಈಜುವುದನ್ನು ದಡದಲ್ಲಿ ಕೂತು ನೋಡಬೇಕಾದ ಎರಡು ವರ್ಷದ ತಂಗಿಯನ್ನು ಸಮಾಧಾನ ಮಾಡುವುದು ಯಾರಿಂದಲೂ ಆಗದ ಕೆಲಸ.

ಕೋಣೆ, ಕಾಗದ, ಕೈಚೀಲ

ಕಿಟಕಿಯಿಲ್ಲದ ಒಳಗೋಣೆ, ಕಿಟಕಿಯದ್ದು, ಬಾಲ್ಕನಿಯದ್ದು ಎಂದು ಮೂರು ಬಗೆ. ಒಳಗೋಣೆ ಅಗ್ಗ, ಜೊತೆಗೆ ದೀಪ ಆರಿಸಿದರೆ ಹಗಲಲ್ಲೂ ಗವ್ವೆನ್ನುವ ಕತ್ತಲು. ಮಕ್ಕಳು ಚೆನ್ನಾಗಿ ನಿದ್ದೆ ಹೋಗುತ್ತಾರೆ. ತೊಂದರೆ ದೊಡ್ಡವರಿಗೆ. ಮಗು ಎಂಟೂವರೆಗೆ ಮಲಗಿತೆಂದರೆ ಅಪ್ಪ ಅಮ್ಮ ಅದೇ ಕತ್ತಲಲ್ಲಿ ಪಿಸುಗುಟ್ಟುತ್ತ ಕೂರಬೇಕು. ಬಾಲ್ಕನಿ ಇದ್ದರೆ ಹೊರಗೆ ಕೂತು ಸಮುದ್ರ ನೋಡಬಹುದು. ಎರಡು ರಾತ್ರಿಯ ಯಾನಕ್ಕೆ ಬಾಲ್ಕನಿಗೆ ಹಣ ಸುರಿಯುವುದು ದಂಡ. ನಾಲ್ಕು ರಾತ್ರಿ ಅಥವಾ ಮೇಲ್ಪಟ್ಟದ್ದಕ್ಕೆ ಕೊಡಬಹುದು, ಆದರೆ ಕುರ್ಚಿ ಮೇಜುಗಳನ್ನು ಕಂಬಿಯಿಂದ ದೂರ ಎಳೆದಿಡಬೇಕು, ಬಾಗಿಲ ಮೇಲಿನ ಚಿಲಕವನ್ನು ಸದಾ ಹಾಕಿರಬೇಕು, ಮಗುವನ್ನು ಅಲ್ಲಿ ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಕಂಡದ್ದನ್ನೆಲ್ಲ ಹತ್ತುವ ಸ್ವಭಾವದ ಮಗುವಿದ್ದರೆ ಬಾಲ್ಕನಿಯೇ ಬೇಡ, ತೆರೆಯಲಾಗದ ಕಿಟಕಿಯ ಕೋಣೆ ತೆಗೆದುಕೊಳ್ಳಿ.

ಕೋಣೆ ಹಡಗಿನ ಉದ್ದದ ನಡುಭಾಗದಲ್ಲಿ, ಕೆಳಗಿನ ಮಹಡಿಯಲ್ಲಿರಲಿ. ಓಲಾಟ ಅಲ್ಲಿ ಅತಿ ಕಡಿಮೆ. ಬುಕ್ ಮಾಡುವಾಗ ಹಡಗಿನ ನಕ್ಷೆ ತೆಗೆದು ನಿಮ್ಮ ಕೋಣೆಯ ಮೇಲೆ, ಕೆಳಗೆ ಏನಿದೆ ನೋಡಿ. ಎರಡೂ ಕಡೆ ಮಲಗುವ ಕೋಣೆಗಳೇ ಇದ್ದರೆ ಒಳ್ಳೆಯದು. ಡಿಸ್ಕೋ ಮೇಲಿನ ಕೋಣೆ ಯಾರಿಗೂ ಬೇಡ. ಅಜ್ಜ ಅಜ್ಜಿಯೂ ಜೊತೆಗೆ ಬರುವುದಾದರೆ ಒಳಬಾಗಿಲಿನಿಂದ ಸೇರಿದ ಜೋಡಿ ಕೋಣೆಗಳು ಸಿಗುತ್ತವೆ. ಬೇಗ ಖಾಲಿಯಾಗುವುದೂ ಅವೇ. ಗೋಡೆಯಿಂದ ಕೆಳಗಿಳಿಯುವ ಮೇಲ್‌ಮಂಚವನ್ನು ಕಂಡೊಡನೆ ಮಕ್ಕಳು ಅದು ತಮ್ಮದೆಂದು ಜಗಳ ತೆಗೆಯುತ್ತಾರೆ, ಆದರೆ ಆರು ವರ್ಷದೊಳಗಿನವರನ್ನು ಅಲ್ಲಿ ಮಲಗಿಸಬಾರದು. ಕೂಸಿನ ತೊಟ್ಟಿಲು ಮಂಚ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿ ಬರೆಸಿಕೊಳ್ಳಿ. ಬಚ್ಚಲಲ್ಲಿ ಹೆಚ್ಚಾಗಿ ಇರುವುದು ಇಕ್ಕಟ್ಟಾದ ಷವರ್ ಮಾತ್ರ. ಬಕೆಟ್ಟಿಲ್ಲ, ಚೊಂಬಿಲ್ಲ. ಷವರ್ ಕಂಡರೆ ಚೀರುವ ಮಗುವಿದ್ದರೆ ಒಂದು ಪ್ಲಾಸ್ಟಿಕ್ ಮಗ್ ಪೆಟ್ಟಿಗೆಗೆ ಹಾಕಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ, ಕನ್ನಡದ ಅಮ್ಮಂದಿರಿಗೆ ಅದಕ್ಕಿಂತ ಉಪಯುಕ್ತ ಪ್ರವಾಸಿ ಸಾಮಗ್ರಿ ಇನ್ನೊಂದಿಲ್ಲ.

ಕಾಗದಪತ್ರದ ವಿಷಯದಲ್ಲಿ ಜನ ಎಡವುವುದು ಒಂದೇ ಕಡೆ. ಸಿಂಗಪುರದಿಂದ ಹೊರಟು ಪೆನಾಂಗ್ ಮುಟ್ಟಿ ಹಿಂದಿರುಗಿದರೆ ಸಿಂಗಪುರಕ್ಕೆ ಅದು ನಿಮ್ಮ ಎರಡನೆಯ ಪ್ರವೇಶ. ವೀಸಾದಲ್ಲಿ ಹಲವು ಬಾರಿ ಪ್ರವೇಶಿಸಲು ಅನುಮತಿ ಇದೆಯೇ ಎಂದು ಮಗುವಿನದ್ದನ್ನೂ ಸೇರಿಸಿ ಪ್ರತಿಯೊಬ್ಬರದ್ದನ್ನೂ ನೋಡಿ. ಮಲೇಷ್ಯಾ 2023ರ ಡಿಸೆಂಬರಿನಿಂದ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿದೆ, ಆದರೆ ಅದು ಅವಧಿ ಕಟ್ಟಿದ ವಿನಾಯಿತಿ. ಹೊರಡುವ ತಿಂಗಳಲ್ಲಿ ಜಾರಿಯಲ್ಲಿದೆಯೇ ಖಚಿತಪಡಿಸಿಕೊಳ್ಳಿ. ಮಕ್ಕಳ ಪಾಸ್‌ಪೋರ್ಟಿನ ಆಯುಸ್ಸು ಐದೇ ವರ್ಷ. ಹೊರಡುವ ದಿನಕ್ಕೆ ಆರು ತಿಂಗಳಾದರೂ ಬಾಕಿ ಇರಬೇಕು. ಅಪ್ಪ ಅಥವಾ ಅಮ್ಮ ಒಬ್ಬರೇ ಕರೆದೊಯ್ಯುವುದಾದರೆ ಇನ್ನೊಬ್ಬರ ಸಹಿಯಿರುವ ಒಪ್ಪಿಗೆ ಪತ್ರ, ಜನನ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ. ದೇಶದೊಳಗಿನ ಯಾನಕ್ಕೂ ಮಗುವಿನ ಗುರುತಿನ ಚೀಟಿ ಕೇಳುತ್ತಾರೆ.

ಅಮೆರಿಕದಲ್ಲಿರುವ ಕನ್ನಡಿಗರು, ಅದರಲ್ಲೂ ಎಚ್1ಬಿ ವೀಸಾದವರು, ಮಯಾಮಿಯಿಂದ ಕೆರಿಬಿಯನ್ ಕಡೆಗೆ ಹೊರಡುವ ಮುನ್ನ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ದಿನಾಂಕ ನೋಡಿಕೊಳ್ಳಬೇಕು. ಮುದ್ರೆಯ ಅವಧಿ ಮುಗಿದಿದ್ದರೂ ಕೆನಡಾ, ಮೆಕ್ಸಿಕೋಗಳಿಗೆ ಸ್ವಲ್ಪ ದಿನ ಹೋಗಿ ಬರಲು ಇರುವ ಸವಲತ್ತು ಕೆರಿಬಿಯನ್ ದ್ವೀಪಗಳಿಗೆ ಎಚ್1ಬಿಯವರಿಗೆ ಅನ್ವಯಿಸುವುದಿಲ್ಲ. ಅಲ್ಲೇ ಹುಟ್ಟಿದ ಮಗು ಸರಾಗವಾಗಿ ಒಳಹೋಗಿ ಅಪ್ಪ ಅಮ್ಮ ಕೌಂಟರಿನಲ್ಲಿ ನಿಲ್ಲುವ ಸ್ಥಿತಿ ಯಾರಿಗೂ ಬೇಡ.

ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ತೆಗೆದುಕೊಂಡು ಬಿಡುತ್ತಾರೆ. ಅವು ಕೋಣೆಯ ಬಾಗಿಲಿಗೆ ಬರುವುದು ಸಂಜೆಗೆ, ಕೆಲವೊಮ್ಮೆ ರಾತ್ರಿಯೂಟದ ನಂತರ. ಮಕ್ಕಳಿಗೆ ಮಾತ್ರ ಕೊಳ ಕಂಡ ಕ್ಷಣವೇ ಇಳಿಯಬೇಕು. ಆದ್ದರಿಂದ ಈಜುಡುಪು, ಒಂದು ಜೊತೆ ಬಟ್ಟೆ, ಡೈಪರು, ಔಷಧಿ, ಟೋಪಿ, ಎಸಿಗೆ ತೆಳು ಸ್ವೆಟರ್ ಇವಿಷ್ಟು ಕೈಚೀಲದಲ್ಲೇ ಇರಲಿ. ಡೈಪರನ್ನು ಇಡೀ ಪ್ರವಾಸಕ್ಕಾಗುವಷ್ಟು ಮನೆಯಿಂದಲೇ ಒಯ್ಯಿರಿ. ಹಡಗಿನ ಅಂಗಡಿಯಲ್ಲಿ ವಾಚು, ಸೆಂಟು ಬೇಕಾದಷ್ಟು ಸಿಗುತ್ತದೆ, ಮಗುವಿನ ಅಳತೆಯ ಡೈಪರ್ ಸಿಗುವ ಭರವಸೆಯಿಲ್ಲ.

ಊಟ ಮತ್ತು ಹೊಟ್ಟೆ

ದೊಡ್ಡ ಹಡಗುಗಳಲ್ಲಿ ರಾತ್ರಿಯೂಟಕ್ಕೆ ಎರಡು ಪಂಕ್ತಿ. ಮೊದಲನೆಯದು ಐದೂವರೆ, ಆರರ ಸುಮಾರಿಗೆ, ಇನ್ನೊಂದು ಎಂಟರ ಮೇಲೆ. ಒಂಬತ್ತಕ್ಕೆ ಉಣ್ಣುವ ಅಭ್ಯಾಸದ ನಾವು ಕಣ್ಣುಮುಚ್ಚಿ ಎರಡನೆಯದನ್ನು ಆರಿಸುತ್ತೇವೆ. ಚಿಕ್ಕ ಮಕ್ಕಳಿದ್ದರೆ ಮೊದಲ ಪಂಕ್ತಿಯೇ ಸರಿ. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ; ಅಲ್ಲಿ ಎಂಟಾದಾಗ ಮಗುವಿನ ಹೊಟ್ಟೆಗೆ ಇನ್ನೂ ಐದೂವರೆ ಎಂದು ಮೊದಲ ದಿನ ವಾದಿಸಬಹುದು. ಆದರೆ ಇಡೀ ದಿನ ನೀರಲ್ಲಿ ಆಡಿದ ಮಗು ಎಂಟರ ಪಂಕ್ತಿಗೆ ಕಾಯುವುದಿಲ್ಲ, ಮೇಜಿನ ಮೇಲೇ ಮಲಗುತ್ತದೆ.

ಸಸ್ಯಾಹಾರ ಬೇಕೆಂದು ಮುಂಗಡ ತಿಳಿಸಿದರೆ ಸಿಂಗಪುರದ ಹಡಗುಗಳಲ್ಲಿ ಭಾರತೀಯ ಊಟಕ್ಕೆ ಕೊರತೆಯಿಲ್ಲ. ಆದರೂ ದಾಲ್, ಪನೀರ್‌ನ ಉತ್ತರ ಭಾರತದ ಖಾರ ಮಕ್ಕಳಿಗೆ ಎರಡನೆಯ ದಿನಕ್ಕೆ ಸಾಕಾಗುತ್ತದೆ. ಆಗ ಬಫೆಯ ಬಿಳಿ ಅನ್ನ, ತಿಂಡಿಯ ವಿಭಾಗದ ಸಪ್ಪೆ ಮೊಸರು ಸೇರಿಸಿದರೆ ಮೊಸರನ್ನ ಸಿದ್ಧ. ಕೋಣೆಗೆ ಕೆಟಲ್, ಇಂಡಕ್ಷನ್ ಒಲೆ, ಕುಕ್ಕರ್ ತರುವಂತಿಲ್ಲ. ಬೆಂಕಿಯ ಭಯದಿಂದ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಹಾಗಾಗಿ ಕುದಿಸಿ ತಿರುವಬೇಕಾದ ರಾಗಿ ಸರಿ ಇಲ್ಲಿ ಕೆಲಸಕ್ಕೆ ಬಾರದು. ಬಿಸಿನೀರು ಬೆರೆಸಿದರೆ ಸಾಕಾಗುವ ರಾಗಿ ಹುರಿಹಿಟ್ಟು ಅಥವಾ ಶಿಶು ಆಹಾರವನ್ನು ಕಂಪನಿ ಸೀಲ್ ಇರುವ ಪೊಟ್ಟಣದಲ್ಲೇ ಒಯ್ಯಿರಿ. ಮನೆಯಲ್ಲಿ ಮಾಡಿ ಡಬ್ಬಿಗೆ ತುಂಬಿದ್ದನ್ನು ಬೇಡವೆನ್ನುವ ಸಾಧ್ಯತೆ ಹೆಚ್ಚು. ಬಿಸಿನೀರು ಬಫೆಯ ಚಹಾ ಜಾಗದಲ್ಲಿ ಸಿಗುತ್ತದೆ, ಒಂದು ಫ್ಲಾಸ್ಕ್ ಜೊತೆಗಿದ್ದರೆ ನಡುರಾತ್ರಿಯ ಹಾಲಿಗೂ ಆಯಿತು.

ಹಡಗಿನಲ್ಲಿ ವಾಂತಿಭೇದಿ ಹರಡುವ ಸುದ್ದಿಗಳನ್ನು ಓದಿರುತ್ತೀರಿ. ನೊರೊವೈರಸ್ ಎಂಬುದು ಮುಖ್ಯ ಅಪರಾಧಿ. ಇದಕ್ಕೆ ಆಲ್ಕೋಹಾಲಿನ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಉಜ್ಜಿ ತೊಳೆಯುವುದೇ ಮದ್ದು. ಬಫೆಯಲ್ಲಿ ನೂರು ಕೈ ಮುಟ್ಟಿದ ಸೌಟನ್ನು ಮಗುವಿನ ಕೈಗೆ ಕೊಡದೆ ನೀವೇ ಬಡಿಸಿ.

ಇನ್ನು ಕಡಲ ಓಕರಿಕೆ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ. ಎರಡರಿಂದ ಹನ್ನೆರಡರ ನಡುವಿನವರಿಗೆ ಹೆಚ್ಚು. ನಿಮ್ಮ ಮಗು ಯಾವ ಜಾತಿಯದ್ದೆಂದು ತಿಳಿಯಲು ಟಿಕೆಟ್ ಕೊಳ್ಳುವ ಮೊದಲೇ ದಾರಿಯಿದೆ. ಆಗುಂಬೆ, ಚಾರ್ಮಾಡಿ ಘಾಟಿಯಲ್ಲಿ ವಾಂತಿ ಮಾಡುವ ಮಗು ಹಡಗಿನಲ್ಲೂ ಮಾಡಬಹುದೆಂದು ಎಣಿಸಿ. ಮಲ್ಪೆಯಿಂದ ಸೇಂಟ್ ಮೇರಿಸ್‌ಗೆ ಒಮ್ಮೆ ದೋಣಿಯಲ್ಲಿ ಕರೆದೊಯ್ದು ನೋಡಿದರೆ ಇನ್ನೂ ಸ್ಪಷ್ಟ. ಅಷ್ಟು ಚಿಕ್ಕ ದೋಣಿಯನ್ನು ತಡೆದುಕೊಂಡ ಮಗುವಿಗೆ ಸ್ಟೆಬಿಲೈಸರ್ ಇರುವ ದೊಡ್ಡ ಹಡಗು ಏನೂ ಅಲ್ಲ.

ಮಕ್ಕಳು ಹೊಟ್ಟೆ ತೊಳಸುತ್ತಿದೆ ಎಂದು ಹೇಳುವುದಿಲ್ಲ. ಸುಮ್ಮನಾಗುತ್ತಾರೆ, ಆಕಳಿಸುತ್ತಾರೆ, ಮುಖ ಬಿಳಚಿಕೊಳ್ಳುತ್ತದೆ. ಆ ಹಂತದಲ್ಲೇ ಮೊಬೈಲು ಕಿತ್ತುಕೊಂಡು ಗಾಳಿಯಿರುವ ಡೆಕ್ಕಿಗೆ ಕರೆದೊಯ್ದು ದೂರದ ದಿಗಂತ ತೋರಿಸಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಮಂಡಕ್ಕಿ, ಒಣ ಬಿಸ್ಕತ್ತು ಸಾಕು. ಮಾತ್ರೆಯ ಬಗ್ಗೆ ಮಾತ್ರ ಎಚ್ಚರ. ನಮ್ಮಲ್ಲಿ ಬಸ್ ಪ್ರಯಾಣಕ್ಕೆ ಎಲ್ಲರೂ ನುಂಗುವ ಅವೊಮಿನ್‌ನಲ್ಲಿರುವ ಪ್ರೊಮೆಥಜೀನನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಉಸಿರಾಟಕ್ಕೆ ತೊಂದರೆಯಾಗುತ್ತದೆ. ದೊಡ್ಡ ಮಕ್ಕಳಿಗೂ ತೂಕಕ್ಕೆ ತಕ್ಕ ಪ್ರಮಾಣವನ್ನು ಮಕ್ಕಳ ವೈದ್ಯರಿಂದ ಬರೆಸಿಕೊಂಡೇ ಹೋಗಬೇಕು. ಜ್ವರದ ಸಿರಪ್, ಓಆರ್‌ಎಸ್, ಥರ್ಮಾಮೀಟರ್ ನಿಮ್ಮ ಬಳಿಯೇ ಇರಲಿ. ಹಡಗಿನಲ್ಲಿ ವೈದ್ಯರಿರುತ್ತಾರೆ ನಿಜ, ಆದರೆ ವಿದೇಶಿ ಹಡಗುಗಳಲ್ಲಿ ಅವರ ಶುಲ್ಕ ಡಾಲರಿನಲ್ಲಿ ನಿಮ್ಮ ಕೋಣೆಯ ಖಾತೆಗೆ ಬೀಳುತ್ತದೆ. ಪ್ರವಾಸ ವಿಮೆ ಮಾಡಿಸುವಾಗ ಹಡಗಿನ ಮೇಲಿನ ಚಿಕಿತ್ಸೆಯೂ ಸೇರಿದೆಯೇ ಎಂದು ಪಾಲಿಸಿಯ ಸಣ್ಣಕ್ಷರ ಓದಿ.

ಹತ್ತಿದ ಮೇಲೆ

ಮೊದಲ ಮಧ್ಯಾಹ್ನ ಎಲ್ಲರೂ ಬಫೆಗೆ ನುಗ್ಗುವ ಹೊತ್ತಿನಲ್ಲಿ ನೀವು ಮಕ್ಕಳ ಕ್ಲಬ್ಬಿಗೆ ಹೋಗಿ ಹೆಸರು ಬರೆಸಿ. ಮಗುವನ್ನು ಯಾರು ಬಂದು ಕರೆದೊಯ್ಯಬಹುದು, ಯಾವ ಆಹಾರ ಒಗ್ಗುವುದಿಲ್ಲ ಎಂಬುದನ್ನೆಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಮೊದಲ ಸಲ ಅರ್ಧ ಗಂಟೆಗಿಂತ ಹೆಚ್ಚು ಬಿಡಬೇಡಿ. ಇಂಗ್ಲಿಷು ಬಾರದ ಮಗು ಅಲ್ಲಿ ಏನು ಮಾಡೀತು ಎಂದು ಅಜ್ಜಿಯರು ಚಿಂತಿಸುತ್ತಾರೆ. ಬಣ್ಣ, ಮಣ್ಣು, ಕುಣಿತಗಳಿಗೆ ಭಾಷೆ ಬೇಡ. 'ನೀರು ಬೇಕು', 'ಅಮ್ಮ ಬೇಕು', 'ಬಾತ್‌ರೂಮ್' ಈ ಮೂರನ್ನು ಇಂಗ್ಲಿಷಿನಲ್ಲಿ ಹೇಳಿಕೊಟ್ಟರೆ ಸಾಕು.

ಅದೇ ದಿನ ಸುರಕ್ಷತಾ ತಾಲೀಮು ನಡೆಯುತ್ತದೆ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಅಂದೇ ಹತ್ತಿದ ನೂರಾರು ಮಂದಿಗೆ ಆಗ ಇನ್ನೂ ತಾಲೀಮು ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು. 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟೊಡನೆ ತಾಲೀಮು ಆಗಲೇಬೇಕು. ಮಗುವನ್ನು ಕೋಣೆಯಲ್ಲಿ ಬಿಟ್ಟು ಹೋಗಬೇಡಿ, ಜೊತೆಗೆ ಕರೆದೊಯ್ದು ಸೇರಬೇಕಾದ ಜಾಗ ತೋರಿಸಿ. ಏಳು ಚುಟುಕು, ಒಂದು ಉದ್ದನೆಯ ಕೂಗು ಅಪಾಯದ ಸಂಕೇತವೆಂದು ಆಟದಂತೆ ಕಲಿಸಿದರೆ ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಲ್ಲಿ ಸಿಗುತ್ತದೆ ಎಂದು ಸಿಬ್ಬಂದಿಯನ್ನು ಅಂದೇ ಕೇಳಿ. ಸೇರುವ ಜಾಗದ ಸಂಖ್ಯೆಯಿರುವ ಕೈಪಟ್ಟಿ ಕೊಟ್ಟರೆ ಇಳಿಯುವ ತನಕ ಬಿಚ್ಚಬಾರದು.

ಕೊಳದ ಬಳಿ ಜೀವರಕ್ಷಕರು ಎಲ್ಲ ಹಡಗುಗಳಲ್ಲೂ ಇರುವುದಿಲ್ಲ. ಇದ್ದರೂ ಕೈಚಾಚಿದರೆ ಸಿಗುವಷ್ಟು ಹತ್ತಿರ ಒಬ್ಬ ದೊಡ್ಡವರು ನೀರಲ್ಲೇ ಇರಬೇಕು, ಮೊಬೈಲು ಹಿಡಿದು ಕುರ್ಚಿಯಲ್ಲಲ್ಲ. ಕೋಣೆಯ ಬಾಗಿಲುಗಳು ಭಾರ, ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಪುಟ್ಟ ಬೆರಳುಗಳಿಗೆ ಕೊಳಕ್ಕಿಂತ ಅದೇ ಹೆಚ್ಚು ಅಪಾಯ. ಬಾಗಿಲು ಕಬ್ಬಿಣದ್ದಾಗಿರುವುದರಿಂದ ಅಯಸ್ಕಾಂತ ಹಿಡಿಯುತ್ತದೆ. ಮಗು ಬಿಡಿಸಿದ ಒಂದು ಚಿತ್ರವನ್ನು ಹೊರಗೆ ಅಂಟಿಸಿದರೆ ಒಂದೇ ರೀತಿಯ ನೂರು ಬಾಗಿಲುಗಳ ನಡುವೆ ತನ್ನದನ್ನು ತಾನೇ ಗುರುತಿಸುತ್ತದೆ. ಫೋನನ್ನು ಹತ್ತಿದೊಡನೆ ಫ್ಲೈಟ್ ಮೋಡ್‌ಗೆ ಹಾಕಿ. ನಡುಗಡಲಿನಲ್ಲಿ ಅದು ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಸೇರಿಕೊಂಡರೆ ಬರುವ ಬಿಲ್ಲು ಪ್ರವಾಸದ ಖುಷಿಯನ್ನೆಲ್ಲ ಇಳಿಸಿಬಿಡುತ್ತದೆ. ಮಗುವಿಗೆ ಕಾರ್ಟೂನು ಬೇಕಿದ್ದರೆ ಮನೆಯಲ್ಲೇ ಡೌನ್‌ಲೋಡ್ ಮಾಡಿ ತನ್ನಿ.

ಬಂದರು ಬಂದ ದಿನ ಏನು ಮಾಡಬೇಕು? ನನ್ನ ಉತ್ತರ: ಹೆಚ್ಚಾಗಿ ಏನೂ ಬೇಡ. ಉಳಿದವರೆಲ್ಲ ಇಳಿದು ಹೋದ ಬೆಳಿಗ್ಗೆ ಕೊಳ ಖಾಲಿ, ಜಾರುಬಂಡೆಗೆ ಸಾಲಿಲ್ಲ, ಮಕ್ಕಳ ಕ್ಲಬ್ಬಿನಲ್ಲಿ ನಾಲ್ಕೇ ಮಕ್ಕಳು. ಹಡಗಿಗೆ ಕೊಟ್ಟ ದುಡ್ಡು ಪೂರ್ತಿ ವಸೂಲಾಗುವುದು ಆ ದಿನ. ಇಳಿಯಲೇಬೇಕೆಂದರೆ ಬಂದರು ಊರಿಗೆ ಎಷ್ಟು ಹತ್ತಿರ ಎಂದು ನೋಡಿ. ಪೆನಾಂಗಿನ ಸ್ವೆಟೆನ್‌ಹ್ಯಾಮ್ ಧಕ್ಕೆ ಜಾರ್ಜ್‌ಟೌನಿನ ಅಂಚಿನಲ್ಲೇ ಇದೆ. ಲಿಟಲ್ ಇಂಡಿಯಾಕ್ಕೆ ನಡೆದೇ ಹೋಗಿ ದೋಸೆ ತಿಂದು ಎರಡು ಗಂಟೆಯಲ್ಲಿ ಮರಳಬಹುದು. ಪೋರ್ಟ್ ಕ್ಲಾಂಗಿನಿಂದ ಕೌಲಾಲಂಪುರಕ್ಕಾದರೆ ಬಸ್ಸಿನಲ್ಲಿ ಒಂದು ಗಂಟೆಗೂ ಹೆಚ್ಚು, ಅಷ್ಟೇ ಹೊತ್ತು ವಾಪಸ್ಸು. ಮಧ್ಯಾಹ್ನದ ನಿದ್ದೆ ಕೆಟ್ಟ ಮೂರು ವರ್ಷದ ಮಗುವಿನೊಂದಿಗೆ ಅವಳಿ ಗೋಪುರ ನೋಡುವುದು ಯಾರಿಗೂ ಸುಖವಲ್ಲ. ದಡಕ್ಕೆ ಹೋಗದೆ ನಡುನೀರಲ್ಲೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಇಳಿಸುವ ಕಡೆ, ಲಕ್ಷದ್ವೀಪದಲ್ಲಿ ಹೀಗೆಯೇ, ತಳ್ಳುಗಾಡಿ ಬಿಟ್ಟು ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಚೀಲ ಒಯ್ಯಿರಿ. ಎಲ್ಲಿ ಇಳಿದರೂ ಹಡಗಿನ ಗಡಿಯಾರವನ್ನೇ ನಂಬಿ. ತಡವಾಗಿ ಬಂದವರಿಗಾಗಿ ಹಡಗು ಕಾಯುವುದಿಲ್ಲ.

ಹಣದ ಬಗ್ಗೆ ಒಂದು ಮಾತು. ಜಾಹೀರಾತಿನ ದರ ಹಾಸಿಗೆಯೊಂದರ ದರ. ಅದರ ಮೇಲೆ ಬಂದರು ಶುಲ್ಕ, ತೆರಿಗೆ, ದಿನಕ್ಕಿಷ್ಟೆಂದು ಸಿಬ್ಬಂದಿಯ ಟಿಪ್ಸ್ ಸೇರುತ್ತವೆ. ಕೆಲವು ಹಡಗುಗಳಲ್ಲಿ ತೊಡೆಯ ಮೇಲೆ ಕೂರುವ ಕೂಸಿಗೂ ಇವು ತಪ್ಪುವುದಿಲ್ಲ. 'ಮಕ್ಕಳಿಗೆ ಉಚಿತ' ಎಂದು ಕಂಡರೆ ಅಂತಿಮ ಮೊತ್ತ ಬರೆದು ಕೊಡಿ ಎಂದು ಕೇಳಿ, ಆಮೇಲೆ ಎರಡು ಕಂಪನಿಗಳ ಮೊತ್ತ ಹೋಲಿಸಿ. ಹಡಗು ಹೊರಡುವ ಹಿಂದಿನ ದಿನವೇ ಆ ಊರು ಸೇರಿಕೊಳ್ಳುವ ಹೋಟೆಲ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಳಗಿನ ವಿಮಾನದಲ್ಲಿ ಮುಂಬೈಗೆ ಹೋಗಿ ಮಧ್ಯಾಹ್ನ ಹತ್ತುತ್ತೇವೆಂಬ ಲೆಕ್ಕ ಮಂಜು ಕವಿದ ಒಂದೇ ಮುಂಜಾವಿಗೆ ಮುರಿಯುತ್ತದೆ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ, ಬೆಳಿಗ್ಗೆ ಅವು ಕೆಳಗೆ ದಡದಲ್ಲಿ ಸಿಗುತ್ತವೆ. ನಿದ್ದೆಗಣ್ಣಿನಲ್ಲಿ ಕಟ್ಟುವಾಗ ಮರುದಿನದ ಬಟ್ಟೆಯನ್ನು, ಮಗುವಿನ ಚಪ್ಪಲಿಯನ್ನು, ಪಾಸ್‌ಪೋರ್ಟನ್ನು ಅದರೊಳಗೆ ಹಾಕಿಬಿಡುವವರು ಪ್ರತಿ ಯಾನದಲ್ಲೂ ಇರುತ್ತಾರೆ. ಈ ಮೂರನ್ನು ತಲೆದಿಂಬಿನ ಪಕ್ಕ ತೆಗೆದಿಟ್ಟ ಮೇಲೆಯೇ ಜಿಪ್ ಎಳೆಯಿರಿ. ಊರಿಗೆ ಮರಳುವ ವಿಮಾನವನ್ನು ಮಧ್ಯಾಹ್ನ ಒಂದರ ನಂತರದ್ದೇ ಬುಕ್ ಮಾಡಿ.